ಅಕ್ಷರಕ್ಕೆ ಕೂಲಿ ಕೊಡಿ

ನಮ್ಮ ಅವ್ವ-ಅಪ್ಪಂದಿರನ್ನು ಸಾಲಿಗೆ ಕರೆಯುವ ಆಟ ಶುರುವಾಗಿ ಅರ್ಧ ಶತಮಾನವಾಗುತ್ತ ಬಂತು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್. 2009ರಲ್ಲಿ ಸಾಕ್ಷರ ಭಾರತ. 2022ರಲ್ಲಿ ನವಭಾರತ ಸಾಕ್ಷರತಾ ಕಾರ್ಯಕ್ರಮ. ಹೆಸರು ಬದಲಾಯಿತು, ಬ್ಯಾನರು ಬದಲಾಯಿತು. 2011ರ ಜನಗಣತಿಯಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ ಓದುಬರಹ ಬಲ್ಲ ಗಂಡಸರು ನೂರಕ್ಕೆ 79, ಹೆಂಗಸರು ಸುಮಾರು 62. ಉಳಿದವರು ಯಾರು? ಬಸವಕಲ್ಯಾಣದ ಕೇರಿಗಳಿಗೆ, ಹುಮನಾಬಾದಿನ ತಾಂಡಾಗಳಿಗೆ ಬಂದು ನೋಡಿ.

ಅವರ ಬಗ್ಗೆ ದೊಡ್ಡವರ ಬಾಯಲ್ಲಿ ಒಂದೇ ಮಾತು: ‘ಕಲಿಯೋಕೆ ಆಸಕ್ತಿ ಇಲ್ಲ.’

ಆಸಕ್ತಿ ಇಲ್ಲವೇ ಸ್ವಾಮಿ? ಹೊತ್ತು ಮೂಡುವ ಮೊದಲೇ ರೊಟ್ಟಿ ಬಡಿದು ಸೋಯಾ ಕೊಯ್ಯಲು, ತೊಗರಿ ರಾಶಿಗೆ ಹೋದವಳು ಕತ್ತಲಾದ ಮೇಲೆ ಮನೆ ಮುಟ್ಟುತ್ತಾಳೆ. ಆಗ ನೀವು ಸ್ಲೇಟು ಹಿಡಿದು ನಿಲ್ಲುತ್ತೀರಿ. ‘ಯಪ್ಪಾ, ಬರ್ತೀನಿ. ಆದ್ರ ಒಲಿ ಯಾರು ಹಚ್ತಾರ?’ ಅನ್ನುತ್ತಾಳೆ. ಇದು ಆಸಕ್ತಿಯ ಪ್ರಶ್ನೆಯೋ, ಹೊಟ್ಟೆಯ ಪ್ರಶ್ನೆಯೋ? ಕಬ್ಬಿನ ಹಂಗಾಮು ಬಂತೆಂದರೆ ಮುಂಗಡ ಕೊಟ್ಟ ಮುಕಾದಮನ ಲಾರಿ ಬರುತ್ತದೆ. ಇಲ್ಲವೆಂದರೆ ಹೈದರಾಬಾದ್, ಪುಣೆಯ ಕಟ್ಟಡಗಳು ಕರೆಯುತ್ತವೆ. ‘ಅ’ ತಿದ್ದಿದವಳು ‘ಕ’ ತಿದ್ದುವಷ್ಟರಲ್ಲಿ ಊರೇ ಬಿಟ್ಟಿರುತ್ತಾಳೆ. ನಲವತ್ತು ದಾಟಿದ ಕಣ್ಣಿಗೆ ಕನ್ನಡಕ ಕೊಡದೆ ಪುಸ್ತಕ ಕೊಟ್ಟವರು, ಆಕೆಗೆ ತಲೆ ಓಡುವುದಿಲ್ಲ ಎನ್ನುತ್ತಾರೆ!

ಲೆಕ್ಕ ಕೇಳಿ. 2022ರಿಂದ 2027ರವರೆಗೆ ಐದು ಕೋಟಿ ಜನಕ್ಕೆ ಅಕ್ಷರ ಕಲಿಸಲು ಇಟ್ಟ ಹಣ 1037.90 ಕೋಟಿ ರೂಪಾಯಿ. ತಲೆಗೆ ಸುಮಾರು 207 ರೂಪಾಯಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಒಬ್ಬ ಮನುಷ್ಯನಿಗೆ ಓದು ಕಲಿಸಲು ಈ ದೇಶ ತೆಗೆದಿಟ್ಟದ್ದು ಆತನ ಒಂದು ದಿನದ ಕೂಲಿಯೂ ಅಲ್ಲ. ಸಾಕ್ಷರ ಭಾರತದಲ್ಲಿ ಪ್ರೇರಕರಿಗೆ ತಿಂಗಳಿಗೆ 2000 ರೂಪಾಯಿಯಾದರೂ ಇತ್ತು. 2018ರಲ್ಲಿ ಅದೂ ಮುಗಿಯಿತು. ಈಗ ಕಲಿಸುವವರು ಸ್ವಯಂಸೇವಕರು. ಬಡವರಿಗೆ ಬಡವರೇ ಪುಕ್ಕಟೆ ಕಲಿಸಬೇಕು. ಇದಕ್ಕೆ ಸೇವೆ ಅಂತ ಹೆಸರು. ನಾವು ಇದನ್ನು ಬಿಟ್ಟಿ ಚಾಕರಿ ಎನ್ನುತ್ತೇವೆ.

ನಿಜಾಮರ ಕಾಲದಲ್ಲಿ ಇಲ್ಲಿ ಕಚೇರಿಯ ಕಾಗದ ಉರ್ದು. 1956ರ ನಂತರ ಕನ್ನಡ. ಕಾಗದದ ಭಾಷೆ ಬದಲಾಯಿತು, ಕೆಳಗೆ ಒತ್ತಿದ ಹೆಬ್ಬೆಟ್ಟು ಬದಲಾಗಲಿಲ್ಲ. ಹೆಬ್ಬೆಟ್ಟಿನವರು ಅಂತ ನಮ್ಮನ್ನು ಹೀಯಾಳಿಸಿದವರೇ ಇಂದು ರೇಷನ್ನಿಗೂ ಹೆಬ್ಬೆಟ್ಟು ಕೇಳುತ್ತಾರೆ. ದುಡಿದು ಸವೆದ ಬೆರಳಿನ ಗೆರೆ ಮಿಷನ್ನಿಗೆ ಕಾಣುವುದಿಲ್ಲ! ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿತು. ಸಾಲದ ಕಾಗದವನ್ನೇ ಓದಲಾರದವಳು ಆ ಕಾನೂನನ್ನು ಹೇಗೆ ಓದಬೇಕು?

ಇದು ಕಲ್ಯಾಣದ ನೆಲ. ಕಸ ಗುಡಿಸುವ ಸತ್ಯಕ್ಕ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ವಚನ ಕಟ್ಟಿದ ಕಾಲದ ನೆಲ. ಸಮಗಾರ ಹರಳಯ್ಯನನ್ನು ಎಳೆಹೂಟೆ ಕೊಂದರೆಂದು ಜನ ಇಂದಿಗೂ ಹೇಳುವ ನೆಲ. ಇಲ್ಲಿ 108 ಅಡಿಯ ಬಸವಣ್ಣ ನಿಂತಿದ್ದಾನೆ. ನೂರಾರು ಕೋಟಿಯ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಮಂಟಪ ಆಗಲಿ, ನಾವು ಬೇಡ ಅನ್ನುವುದಿಲ್ಲ. ಆದರೆ ಅದರ ಗೋಡೆಯ ಮೇಲೆ ಕೆತ್ತುವ ವಚನವನ್ನು ಅದರ ಕಲ್ಲು ಹೊತ್ತವಳು ಓದಬಲ್ಲಳೇ? ಓದಲಾರಳಾದರೆ ಅದು ಯಾರ ಮಂಟಪ?

ಆದ್ದರಿಂದ ನಾವು ಕೇಳುವುದು ದಾನವಲ್ಲ. ಕಲಿಯುವ ತಾಸೂ ದುಡಿಮೆಯ ತಾಸೇ. ಅದಕ್ಕೆ ಉದ್ಯೋಗ ಖಾತ್ರಿಯ ದರದಲ್ಲೇ ಕೂಲಿ ಕೊಡಿ. ಕೇರಿಯ, ತಾಂಡಾದ ಓದಿದ ಹುಡುಗ ಹುಡುಗಿಯರನ್ನೇ ಪಗಾರ ಕೊಟ್ಟು ಕಲಿಸಲು ನೇಮಿಸಿ. ಕಬ್ಬಿನ ಗದ್ದೆಗೆ, ಕಟ್ಟಡದ ಬಳಿಗೆ ಜನ ಹೋದರೆ ಸಾಲಿಯೂ ಹಿಂದೆ ಹೋಗಲಿ. ಕನ್ನಡಕ ಕೊಡಿ, ಕಂಕುಳ ಕೂಸು ನೋಡಿಕೊಳ್ಳಲು ಒಬ್ಬರನ್ನು ಇಡಿ. ಮನೆಯಲ್ಲಿ ಲಂಬಾಣಿ, ಮರಾಠಿ, ಉರ್ದು ಆಡುವವರಿಗೆ ಅವರ ಮಾತಿನಲ್ಲೇ ತಿಳಿಸಿ ಹೇಳಿ. ಮೊದಲ ಪಾಠ ಕೂಲಿಯ ಹಾಜರಿ ಪಟ್ಟಿಯಾಗಲಿ, ಎರಡನೆಯದು ಸಾಲದ ಕಾಗದವಾಗಲಿ.

‘ಹಂಗಾದ್ರ ರೊಕ್ಕಕ್ಕಾಗಿ ಬರ್ತಾರಲ್ರೀ’ ಎಂದು ಸಾಹೇಬರು ನಗುತ್ತಾರೆ. ಬರಲಿ! ತರಬೇತಿಗೆ ಹೋದ ಸಾಹೇಬರಿಗೆ ಪಗಾರವೂ ಉಂಟು, ಭತ್ಯೆಯೂ ಉಂಟು, ಚಹಾ-ಬಿಸ್ಕೀಟೂ ಉಂಟು. ಅವರು ರೊಕ್ಕಕ್ಕಾಗಿ ಬಂದರು ಅಂತ ಯಾರಾದರೂ ಬರೆದದ್ದುಂಟೇ? ಕುರ್ಚಿಯವನ ಕಲಿಕೆಗೆ ಬೆಲೆಯಿದೆ, ನೆಲದ ಮೇಲೆ ಕೂತವಳ ಕಲಿಕೆಗೆ ಬರೀ ಉಪದೇಶ.

ಪುಣೆಯಲ್ಲಿ ಜೋತಿಬಾ-ಸಾವಿತ್ರಿಬಾಯಿ ಫುಲೆ 1855ರಲ್ಲೇ ದುಡಿಯುವವರಿಗೆ ರಾತ್ರಿ ಶಾಲೆ ತೆರೆದರು. ಜನರ ಹೊತ್ತಿಗೆ ಶಾಲೆ ಹೊಂದಿಕೊಂಡಿತು. ಬಾಬಾಸಾಹೇಬರು ಓದಿಗೂ ಸಂಘಟನೆಗೂ ಹೋರಾಟಕ್ಕೂ ಒಂದೇ ಗಂಟು ಹಾಕಿದರು. ಆ ಗಂಟನ್ನು ಬಿಚ್ಚಿ ಓದನ್ನಷ್ಟೇ ಸರ್ಕಾರದ ಕೈಗೆ ಬಿಟ್ಟರೆ ಸಹಿ ಹಾಕಲು ಕಲಿಸುತ್ತಾರೆ, ಯಾವುದಕ್ಕೆ ಸಹಿ ಹಾಕಬಾರದು ಅಂತ ಕಲಿಸುವುದಿಲ್ಲ.

ಹಳ್ಳಿಯ ಮಾಸ್ತರರೇ, ಬಾರದವರ ಹೆಸರಿನ ಮುಂದೆ ‘ಗೈರು’ ಎಂದಷ್ಟೇ ಬರೆಯಬೇಡಿ. ಕೂಲಿಗೆ ಹೋದಳು, ಗುಳೆ ಹೋದಳು, ಜ್ವರ ಬಂದು ಮಲಗಿದಳು ಅಂತ ಬರೆಯಿರಿ. ಆ ಕಾರಣಗಳನ್ನು ಗ್ರಾಮಸಭೆಯಲ್ಲಿ ಓದಿ. ವಿದ್ಯಾರ್ಥಿ ಗೆಳೆಯರೇ, ನಮ್ಮ ಮನೆಗಳಲ್ಲಿ ಡಿಗ್ರಿ ಕಂಡ ಮೊದಲ ತಲೆ ನಾವು. ನಮ್ಮ ಫೀಜು ಕಟ್ಟಿದ್ದು ಈ ಹೆಬ್ಬೆಟ್ಟುಗಳೇ. ಸಂಜೆಯ ಒಂದು ತಾಸು ಕೇರಿಯ ಕಟ್ಟೆಯ ಮೇಲೆ ಕೂತು ಹಾಜರಿ ಪಟ್ಟಿಯನ್ನು, ಸಾಲದ ಕಾಗದವನ್ನು ಗಟ್ಟಿಯಾಗಿ ಓದೋಣ, ಅವರಿಂದ ಓದಿಸೋಣ. ಮೊದಲು ಕೂಲಿ ಬರಲಿ ಅಂತ ನಾವು ಕಾಯುವುದಿಲ್ಲ. ಆದರೆ ಕೂಲಿ ಕೇಳುವುದನ್ನೂ ನಿಲ್ಲಿಸುವುದಿಲ್ಲ. ಹಾಜರಿ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಎಷ್ಟು ದಿನ ನುಂಗಿದ್ದಾರೆ ಅಂತ ಓದಿದವಳು ಸುಮ್ಮನೆ ಮನೆಗೆ ಹೋಗುವುದಿಲ್ಲ, ಪಂಚಾಯ್ತಿ ಬಾಗಿಲಿಗೆ ಬರುತ್ತಾಳೆ.