ವೈದ್ಯರ ಭಿನ್ನರಾಶಿ

ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಗೃಹಸ್ಥನಾದವನು ಮೊದಲು ಕೇಳುವ ಪ್ರಶ್ನೆ ಒಂದೇ: "ಒಳ್ಳೆಯ ಡಾಕ್ಟರು ಯಾರು?" ಈ ಪ್ರಶ್ನೆಗೆ ಉತ್ತರ ಹೇಳುವವರಿಗೇನೂ ಕೊರತೆಯಿಲ್ಲ. ನೆರೆಮನೆಯವರು ಒಂದು ಹೆಸರನ್ನು ಹೇಳುವರು. ಬೀಗರು ಇನ್ನೊಂದನ್ನು ಹೇಳುವರು. ಔಷಧದ ಅಂಗಡಿಯವನು ಮೂರನೆಯದನ್ನು ಸೂಚಿಸುವನು. ಒಬ್ಬ ವೈದ್ಯರ ಕೈಗುಣವನ್ನು ಹೊಗಳುವವರು ತಮಗೆ ಗುಣವಾದ ಸಂಗತಿಯನ್ನು ಹೇಳುತ್ತಾರೆಯೇ ಹೊರತು, ಅದೇ ವೈದ್ಯರಲ್ಲಿ ಗುಣವಾಗದೆ ಹೋದವರು ಎಷ್ಟು ಮಂದಿ ಎಂಬುದನ್ನು ಬಲ್ಲವರಲ್ಲ. ಗುಣವಾದವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಗುಣವಾಗದವನು ಸುಮ್ಮನೆ ಇನ್ನೊಬ್ಬರ ಬಾಗಿಲಿಗೆ ಹೋಗುತ್ತಾನೆ. ಭಿನ್ನರಾಶಿಯಲ್ಲಿ ಮೇಲಿನ ಸಂಖ್ಯೆಗೆ ಅಂಶವೆಂದೂ ಕೆಳಗಿನದಕ್ಕೆ ಛೇದವೆಂದೂ ಹೆಸರು. ಕೈಗುಣವೆಂಬುದು ಅಂಶ ಮಾತ್ರ ಕಾಣುತ್ತ ಛೇದವು ಮರೆಯಾಗಿರುವ ಭಿನ್ನರಾಶಿ.

ಆ ಕೆಳಗಿನ ಸಂಖ್ಯೆಯನ್ನು ಬೆಳಕಿಗೆ ತರುವ ಒಂದು ಪ್ರಯತ್ನವು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಬಗೆಯನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇನೆ. ವಿಷಯವು ಗಣಕಯಂತ್ರಕ್ಕೆ ಸಂಬಂಧಪಟ್ಟದ್ದಾದರೂ, ಮಾಧ್ಯಮಿಕ ಶಾಲೆಯ ಅಂಕಗಣಿತವನ್ನು ಬಲ್ಲವರಿಗೆ ಅದರಲ್ಲಿ ತಿಳಿಯದ ಸಂಗತಿ ಯಾವುದೂ ಇಲ್ಲ.

ಮೊದಲು ಸ್ವಲ್ಪ ಪೂರ್ವಕಥೆ. ಬಾಸ್ಟನ್ ನಗರದಲ್ಲಿ ಅರ್ನೆಸ್ಟ್ ಕಾಡ್‌ಮನ್ (1869-1940) ಎಂಬ ಶಸ್ತ್ರವೈದ್ಯರಿದ್ದರು. ಆಸ್ಪತ್ರೆಯಿಂದ ಮನೆಗೆ ಹೋದ ಪ್ರತಿಯೊಬ್ಬ ರೋಗಿಯ ಗತಿ ಮುಂದೆ ಏನಾಯಿತೆಂದು ಆಸ್ಪತ್ರೆಯವರು ವಿಚಾರಿಸತಕ್ಕದ್ದು. ಗುಣವಾಗದಿದ್ದರೆ ಕಾರಣವನ್ನು ಬರೆದಿಡತಕ್ಕದ್ದು. ಬರೆದುದನ್ನು ಬಹಿರಂಗಪಡಿಸತಕ್ಕದ್ದು ಎಂಬುದು ಅವರ ವಾದ. ಅವರು ವಾದಿಸಿ ಸುಮ್ಮನಾಗಲಿಲ್ಲ. 1911ರಲ್ಲಿ ತಮ್ಮದೇ ಆದ ಒಂದು ಚಿಕ್ಕ ಆಸ್ಪತ್ರೆಯನ್ನು ತೆರೆದು, 1916ರವರೆಗೆ ಅಲ್ಲಿಂದ ಹೊರಟ 337 ರೋಗಿಗಳ ಚಿಕಿತ್ಸೆಯಲ್ಲಿ ನಡೆದ 123 ತಪ್ಪುಗಳನ್ನು ತಾವೇ ಎಣಿಸಿ ಅಚ್ಚು ಹಾಕಿಸಿದರು. 1915ರ ಜನವರಿಯಲ್ಲಿ ವೈದ್ಯರ ಸಭೆಯೊಂದರಲ್ಲಿ, ನಗರದ ಹಿರಿಯ ವೈದ್ಯರೂ ಸಿರಿವಂತ ರೋಗಿಗಳೂ ಸತ್ಯವನ್ನು ನೋಡಲೊಲ್ಲರೆಂದು ಅಣಕಿಸುವ ದೊಡ್ಡದೊಂದು ಚಿತ್ರವನ್ನು ತೆರೆದು ತೋರಿಸಿ, ತಮ್ಮವರ ಕೋಪಕ್ಕೆ ಗುರಿಯಾದರು. ಅವರ ಸಮಾಧಿಗೆ ಹೆಸರಿನ ಕಲ್ಲು ಬಂದುದು 2014ರಲ್ಲಿ. ಅಷ್ಟರೊಳಗೆ ಅವರು ಕೇಳಿದ ಪ್ರಶ್ನೆಯು ಆ ದೇಶದ ಶಾಸನದೊಳಕ್ಕೇ ಸೇರಿಹೋಗಿತ್ತು.

ಅದು ಹೇಗೆಂದರೆ, ಬಹುಕಾಲದವರೆಗೆ ವೈದ್ಯರ ದಾಖಲೆಗಳು ಕಾಗದದಲ್ಲಿದ್ದುವು. ಸಾವಿರ ರೋಗಿಗಳಲ್ಲಿ ಎಷ್ಟು ಮಂದಿಯ ರಕ್ತದೊತ್ತಡ ಹತೋಟಿಯಲ್ಲಿದೆ ಎಂದು ತಿಳಿಯಬೇಕಾದರೆ ಸಾವಿರ ಕಡತಗಳನ್ನು ಬಿಚ್ಚಿ ಓದಬೇಕಾಗಿತ್ತು. 2009ರ ಫೆಬ್ರುವರಿ 17ರಂದು ಜಾರಿಗೆ ಬಂದ ಒಂದು ಶಾಸನದ ಮೂಲಕ ಅಲ್ಲಿಯ ಸರ್ಕಾರದವರು ವೈದ್ಯರನ್ನು ಗಣಕಯಂತ್ರದ ದಾಖಲೆಗೆ ಒಲಿಸಲು ಮುಂದಾದರು. ವೃದ್ಧರ ಸರ್ಕಾರೀ ವಿಮೆಯಾದ ಮೆಡಿಕೇರ್ ಯೋಜನೆಯ ಮೂಲಕ ಒಬ್ಬ ವೈದ್ಯರಿಗೆ ಐದು ವರ್ಷಗಳಲ್ಲಿ 44,000 ಡಾಲರುಗಳವರೆಗೆ ಪ್ರೋತ್ಸಾಹಧನ ದೊರೆಯುವಂತಾಯಿತು. ಆದರೆ ಯಂತ್ರವನ್ನು ಕೊಂಡು ಮೇಜಿನ ಮೇಲಿಟ್ಟರೆ ಹಣ ಬರುವಂತಿರಲಿಲ್ಲ. ಅದನ್ನು ಸಾರ್ಥಕವಾಗಿ ಬಳಸಿದ್ದೇವೆಂದು ತೋರಿಸಬೇಕಾಗಿತ್ತು. ಚಿಕಿತ್ಸೆಯ ಗುಣಮಟ್ಟದ ಲೆಕ್ಕವನ್ನು ಒಪ್ಪಿಸುವುದೂ ಅದರಲ್ಲಿ ಸೇರಿತ್ತು. 2010ರ ಜುಲೈ ತಿಂಗಳಿನ ನಿಯಮಾವಳಿಯಲ್ಲಿ ವೈದ್ಯರಿಗಾಗಿ ಇಂಥ 44 ಮಾನಗಳನ್ನು ಗೊತ್ತುಮಾಡಿ, ಅವುಗಳಲ್ಲಿ ಒಬ್ಬೊಬ್ಬರೂ ಆರರ ಲೆಕ್ಕವನ್ನು ಕೊಡಬೇಕೆಂದು ವಿಧಿಸಿದರು.

ಈ ಮಾನವೆಂದರೇನು? ರಕ್ತದೊತ್ತಡವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ವಯಸ್ಸು 18 ರಿಂದ 85ರ ಒಳಗಿದ್ದು ಅಧಿಕ ರಕ್ತದೊತ್ತಡವೆಂದು ನಿರ್ಣಯವಾಗಿರುವ ರೋಗಿಗಳೆಲ್ಲರೂ ಛೇದ. ಅವರಲ್ಲಿ, ಆ ವರ್ಷ ಕಡೆಯ ಸಲ ಅಳೆದಾಗ ಒತ್ತಡವು 140ಕ್ಕೂ 90ಕ್ಕೂ ಕೆಳಗಿದ್ದವರು ಅಂಶ. ಗರ್ಭಿಣಿಯರು, ಮೂತ್ರಪಿಂಡಗಳು ಪೂರ್ಣವಾಗಿ ಸೋತವರು, ಅಂತ್ಯಕಾಲದ ಶುಶ್ರೂಷೆಯಲ್ಲಿರುವವರು ಮುಂತಾದವರನ್ನು ಲೆಕ್ಕದಿಂದ ಬಿಡತಕ್ಕದ್ದು. ವ್ಯಾಕರಣ ಓದಿದವರಿಗೆ ಇದು ಹೊಸತಲ್ಲ. ಸಾಮಾನ್ಯವಿಧಿಗೆ ಉತ್ಸರ್ಗವೆಂದು ಹೆಸರು, ವಿಶೇಷವಿಧಿಗೆ ಅಪವಾದವೆಂದು ಹೆಸರು. ಅಪವಾದವು ಬಂದ ಕಡೆ ಉತ್ಸರ್ಗವು ಹಿಂದೆ ಸರಿಯಬೇಕು. ಇನ್ನೊಂದು ಸೂಕ್ಷ್ಮವಿದೆ. ವರ್ಷವಿಡೀ ಒತ್ತಡವನ್ನು ಅಳೆಯದೆಯೇ ಬಿಟ್ಟ ರೋಗಿಯನ್ನು ಹತೋಟಿ ತಪ್ಪಿದವರ ಗುಂಪಿಗೇ ಸೇರಿಸುತ್ತಾರೆ. ನೋಡದಿದ್ದವರಿಗೆ ಲಾಭವಾಗಬಾರದೆಂಬುದು ಇದರ ಅಭಿಪ್ರಾಯ. ಮಧುಮೇಹದ ಒಂದು ಮಾನವು ತಲೆಕೆಳಗಾಗಿದೆ: ಅದರಲ್ಲಿ ಎಣಿಸುವುದು ಸಕ್ಕರೆಯ ಹತೋಟಿ ತೀರ ಕೆಟ್ಟವರನ್ನು. ಆದುದರಿಂದ ಅಲ್ಲಿ ಸಂಖ್ಯೆಯು ಇಳಿದಷ್ಟೂ ಒಳ್ಳೆಯದು. ಇದನ್ನು ತಿಳಿಯದೆ ಪಟ್ಟಿಯನ್ನು ಓದಿದವನು ಒಳ್ಳೆಯ ವೈದ್ಯನನ್ನು ಬಿಟ್ಟು ಕೆಟ್ಟವನನ್ನು ಆರಿಸಿಯಾನು.

ಈಗ ತೊಡಕು ಎಲ್ಲಿ ಹುಟ್ಟಿತೆಂಬುದನ್ನು ನೋಡಬೇಕು. ವೈದ್ಯರ ದಾಖಲೆಗಳಿಗಾಗಿ ಸಾಫ್ಟ್‌ವೇರ್ ಮಾರುವ ಕಂಪನಿಗಳು ಅಲ್ಲಿ ಅನೇಕ. ಕಾಗದದ ಮೇಲಿನ ನಿಯಮವನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವಾಗ ಒಂದೊಂದು ಕಂಪನಿಯೂ ತನಗೆ ತೋರಿದ ಅರ್ಥವನ್ನು ಮಾಡಬಹುದು. ಸೂತ್ರ ಒಂದೇ ಆದರೂ ವ್ಯಾಖ್ಯಾನಗಳು ಹಲವು. 'ಕಡೆಯ ಸಲ' ಎಂದರೆ ಆ ದಿನದ ಮೊದಲನೆಯ ಅಳತೆಯೋ ಎರಡನೆಯದೋ? ಜುಲೈ ತಿಂಗಳಲ್ಲಿ 18 ತುಂಬುವವನು ಒಳಗೋ ಹೊರಗೋ? ಇಂಥ ಸಣ್ಣ ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರ ಹೇಳಿದರೆ, ಅದೇ ರೋಗಿಗಳನ್ನು ಅದೇ ರೀತಿಯಲ್ಲಿ ನೋಡಿಕೊಂಡ ಇಬ್ಬರು ವೈದ್ಯರಿಗೆ ಎರಡು ಬಗೆಯ ಅಂಕಗಳು ಬರುತ್ತವೆ. ಎಣಿಸಿದ ಬಗೆಯು ಕಂಪನಿಯ ಪೆಟ್ಟಿಗೆಯೊಳಗೆ ಬೀಗ ಹಾಕಿದ್ದಾದರೆ, ಯಾರದು ಸರಿಯೆಂದು ನಿರ್ಣಯಿಸುವವರೇ ಇಲ್ಲ.

ಇದಕ್ಕೆ ಪರಿಹಾರವಾಗಿ, ಅಮೆರಿಕದ ಆರೋಗ್ಯ ಇಲಾಖೆಗೆ ಸೇರಿದ ಕಚೇರಿಯೊಂದರ ಬೆಂಬಲದಿಂದ, ಲಾಭಕ್ಕಾಗಿ ನಡೆಯದ ಮೈಟರ್ ಎಂಬ ಸಂಸ್ಥೆಯವರು 2010ರ ಸುಮಾರಿಗೆ 'ಪಾಪ್‌ಹೆಲ್ತ್' ಎಂಬ ಸಾಫ್ಟ್‌ವೇರನ್ನು ರಚಿಸಿದರು. ಅದರ ಮೂಲಪಾಠವನ್ನು, ಎಂದರೆ ಯಂತ್ರಕ್ಕೆ ಕೊಟ್ಟ ಆಜ್ಞೆಗಳ ಸಾಲುಗಳೆಲ್ಲವನ್ನೂ, ಯಾರು ಬೇಕಾದರೂ ಓದಬಹುದು, ಪ್ರತಿಮಾಡಿಕೊಳ್ಳಬಹುದು, ತಿದ್ದಬಹುದು, ಬೆಲೆ ಕೊಡದೆ ಬಳಸಬಹುದು ಎಂಬ ಅನುಮತಿಪತ್ರದೊಡನೆ ಲೋಕಕ್ಕೆ ಬಿಟ್ಟರು. ಇಂಥದಕ್ಕೆ 'ಓಪನ್ ಸೋರ್ಸ್' ಎಂದು ಹೆಸರು.

ಅದು ಕೆಲಸ ಮಾಡುತ್ತಿದ್ದ ಕ್ರಮ ಹೀಗೆ. ವೈದ್ಯರ ದಾಖಲೆಯ ಯಂತ್ರವು ಪ್ರತಿಯೊಬ್ಬ ರೋಗಿಯ ಸಂಗ್ರಹವನ್ನು ಒಂದು ಗೊತ್ತಾದ ನಮೂನೆಯಲ್ಲಿ ಹೊರಗೆ ಕೊಡುತ್ತದೆ: ವಯಸ್ಸು, ರೋಗನಿರ್ಣಯ, ಔಷಧಗಳು, ಅಳತೆಗಳು. ಪಾಪ್‌ಹೆಲ್ತ್ ಅವುಗಳನ್ನು ಓದಿ, ಒಂದೊಂದು ಮಾನದ ವಿಧಿಯನ್ನೂ ಒಬ್ಬೊಬ್ಬ ರೋಗಿಗೂ ಅನ್ವಯಿಸಿ, ಅಂಶವೆಷ್ಟು, ಛೇದವೆಷ್ಟು, ಬಿಟ್ಟವರೆಷ್ಟು ಎಂದು ಪ್ರತ್ಯೇಕವಾಗಿ ತೋರಿಸುತ್ತದೆ. ಅಂಶಕ್ಕೆ ಸೇರದೆ ಉಳಿದವರು ಯಾರೆಂಬ ಪಟ್ಟಿಯನ್ನು ವೈದ್ಯರು ತೆರೆದು ನೋಡಬಹುದು. ಈ ಪಟ್ಟಿಯೇ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ತೋರುತ್ತದೆ. ನೂರಕ್ಕೆ ಅರುವತ್ತು ಎಂಬ ಸಂಖ್ಯೆಯು ಸರ್ಕಾರಕ್ಕೆ ಸಾಕು. ಆದರೆ ಉಳಿದ ನಲವತ್ತು ಮಂದಿಯ ಹೆಸರುಗಳು ಕಣ್ಣಿಗೆ ಬಿದ್ದರೆ ವೈದ್ಯರು ಅವರನ್ನು ಕರೆಸಿ ಔಷಧ ಬದಲಾಯಿಸಬಹುದು. ಆ ಹೆಸರುಗಳು ವೈದ್ಯಾಲಯದೊಳಗೇ ಉಳಿಯುತ್ತವೆ. ಸರ್ಕಾರಕ್ಕೆ ಹೋಗುವುದು ಒಟ್ಟು ಲೆಕ್ಕ ಮಾತ್ರ.

ಎಣಿಸುವ ಯಂತ್ರವನ್ನೇ ಪರೀಕ್ಷಿಸುವವರು ಯಾರೆಂದು ವಾಚಕರು ಕೇಳಬಹುದು. ಅದಕ್ಕಾಗಿ 'ಸೈಪ್ರೆಸ್' ಎಂಬ ಇನ್ನೊಂದು ಮುಕ್ತ ಸಾಫ್ಟ್‌ವೇರ್ ಉಂಟು. ಅದು ಕಲ್ಪಿತ ರೋಗಿಗಳ ದಾಖಲೆಗಳನ್ನು ಕಂಪನಿಯ ಯಂತ್ರಕ್ಕೆ ಕೊಡುತ್ತದೆ; ಸರಿಯುತ್ತರ ಅದಕ್ಕೆ ಮೊದಲೇ ಗೊತ್ತು. ಯಂತ್ರವು ಹೇಳಿದ ಉತ್ತರವು ಅದರೊಡನೆ ತಾಳೆಯಾದರೆ ತೇರ್ಗಡೆ. ಉಪಾಧ್ಯಾಯರು ಬೀಜಗಣಿತದ ಲೆಕ್ಕವನ್ನು ಹುಡುಗರಿಗೆ ಕೊಡುವಾಗ ಉತ್ತರವನ್ನು ತಮ್ಮ ಪುಸ್ತಕದ ಹಿಂದೆ ಇಟ್ಟುಕೊಂಡಿರುವುದಿಲ್ಲವೆ, ಹಾಗೆ.

ಪಾಪ್‌ಹೆಲ್ತ್ ಹುಟ್ಟಿದ ನಿಯಮಾವಳಿಯು ಅನಂತರ ಬಹಳ ಮಾರ್ಪಟ್ಟಿತು. 2017ರಿಂದ ಮೆಡಿಕೇರ್ ವೈದ್ಯರ ಲೆಕ್ಕವು ಹೊಸ ಪದ್ಧತಿಯೊಂದಕ್ಕೆ ಸೇರಿತು. 2019ರಿಂದ ಮಾನಗಳನ್ನು ಅವಕ್ಕೆಂದೇ ಏರ್ಪಟ್ಟ ಒಂದು ಭಾಷೆಯಲ್ಲಿ ಬರೆಯುತ್ತಾರೆ. ಓದುಬಲ್ಲ ಮನುಷ್ಯನಿಗೂ ಯಂತ್ರಕ್ಕೂ ಅದು ಒಂದೇ ಅರ್ಥವನ್ನು ಕೊಡುತ್ತದೆ. ಆದರೆ ಎಣಿಸುವ ವಿಧಿಯು ಬಹಿರಂಗವಾಗಿರಬೇಕೆಂಬ ತತ್ತ್ವವು ಉಳಿದುಕೊಂಡಿತು.

ಇಷ್ಟಾದರೆ ಸತ್ಯವು ಕೈಗೆ ಸಿಕ್ಕಿತೆ? ಪೂರ್ತಿ ಸಿಕ್ಕಲಿಲ್ಲ. ಎಣಿಕೆಯು ಬಹಿರಂಗವಾಯಿತು; ಆದರೆ ಛೇದದೊಳಕ್ಕೆ ಯಾರನ್ನು ಬರಗೊಡುವರೆಂಬುದು ಯಂತ್ರದ ಆಚೆಯ ಮಾತು. ನ್ಯೂಯಾರ್ಕ್ ಸಂಸ್ಥಾನದಲ್ಲಿ 1990ರ ದಶಕದ ಆರಂಭದಿಂದ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಮರಣಪ್ರಮಾಣವನ್ನು ಆಸ್ಪತ್ರೆಯವಾರು, ವೈದ್ಯರವಾರು ಪ್ರಕಟಿಸುತ್ತ ಬಂದರು. ರೋಗದ ತೀವ್ರತೆಯನ್ನು ಗಣನೆಗೆ ತೆಗೆದುಕೊಂಡೇ ಲೆಕ್ಕ ಹಾಕಿದರು. ಆದರೂ ಕೆಲವು ವೈದ್ಯರು ಅಂಕಕ್ಕೆ ಹೆದರಿ ಕಷ್ಟದ ರೋಗಿಗಳನ್ನು ದೂರವಿಡುತ್ತಿದ್ದಾರೆಯೇ ಎಂಬ ವಾದವು ವಿದ್ವಾಂಸರಲ್ಲಿ ಬಹುಕಾಲ ನಡೆಯಿತು.

ಈ ವಾದವನ್ನು ಓದಿದಾಗ ನಾನು ಪರದೇಶದ ವೈದ್ಯರನ್ನು ದೂರುವ ಸ್ಥಿತಿಯಲ್ಲಿರಲಿಲ್ಲ. ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಫಲಿತಾಂಶವು ನೂರಕ್ಕೆ ನೂರು ಬರಬೇಕೆಂಬ ಹಟವಿತ್ತು. ಅದನ್ನು ಸಾಧಿಸುವ ಸುಲಭೋಪಾಯವೆಂದರೆ, ಹಿಂದುಳಿದ ಹುಡುಗರನ್ನು ಒಂಬತ್ತನೆಯ ತರಗತಿಯಲ್ಲೇ ನಿಲ್ಲಿಸುವುದು. ಒಂದು ವರ್ಷ ಹಾಗೆ ನಿಲ್ಲಿಸಿದ ನಾಲ್ವರಲ್ಲಿ ಒಬ್ಬನು ನನ್ನ ತರಗತಿಯವನು. ಗಣಿತದಲ್ಲಿ ಮಂದ, ಆದರೆ ಸಂಸ್ಕೃತದ ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಆರು ತಿಂಗಳು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟಿದ್ದರೆ ತೇರ್ಗಡೆಯಾಗುತ್ತಿದ್ದನೆಂದು ಆಗಲೂ ನನಗೆ ತಿಳಿದಿತ್ತು. ಅವನ ತಂದೆ ಬಂದು, "ಮೇಷ್ಟ್ರೇ, ಒಂದು ಸಲ ಕೂರಿಸಿ ನೋಡಿ" ಎಂದು ಕೈಮುಗಿದರು. ಇದು ಶಾಲೆಯ ನಿರ್ಧಾರವೆಂದು ಹೇಳಿ ಕಳುಹಿಸಿದೆ. ಪಟ್ಟಿಯ ಕೆಳಗೆ ಇದ್ದುದು ನನ್ನ ರುಜು. ಆ ಜೂನಿನಲ್ಲಿ ಹುಡುಗನು ಶಾಲೆಗೆ ಮರಳಿ ಬರಲಿಲ್ಲ. ಮುಂದಿನ ವರ್ಷದ ಫಲಿತಾಂಶ ಬಂದಾಗ, ಅಕ್ಷರ ಚೆನ್ನಾಗಿದೆಯೆಂದು, ಹೊರಗಿನ ಹಲಗೆಯ ಮೇಲೆ 'ನೂರಕ್ಕೆ ನೂರು' ಎಂದು ನನ್ನಿಂದಲೇ ಬರೆಯಿಸಿದರು. ಬರೆದ ಸಂಖ್ಯೆಯಲ್ಲಿ ಸುಳ್ಳೇನೂ ಇರಲಿಲ್ಲ. ಆ ಹುಡುಗನು ಮಾತ್ರ ಅಂಶದಲ್ಲಿಯೂ ಇರಲಿಲ್ಲ, ಛೇದದಲ್ಲಿಯೂ ಇರಲಿಲ್ಲ.

ಪಾಪ್‌ಹೆಲ್ತಿನ ವಿವರಣೆಯನ್ನು ಓದುತ್ತ, ಬಿಟ್ಟವರ ಸಂಖ್ಯೆಯನ್ನು ಬೇರೆಯಾಗಿ ತೋರಿಸುತ್ತಾರೆಂಬ ಸಾಲಿಗೆ ಬಂದಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ನಮ್ಮ ಹಲಗೆಯ ಮೇಲೆ 'ತೇರ್ಗಡೆಯಾದವರು', 'ಕುಳಿತವರು' ಎಂಬ ಎರಡರ ಪಕ್ಕದಲ್ಲಿ 'ನಿಲ್ಲಿಸಲ್ಪಟ್ಟವರು: ನಾಲ್ವರು' ಎಂದು ಬರೆಯಬೇಕಾದ ನಿಯಮವಿದ್ದಿದ್ದರೆ, ಆ ಪಟ್ಟಿಗೆ ರುಜು ಹಾಕುವ ಮೊದಲು ನನ್ನ ಕೈ ತಡೆಯುತ್ತಿತ್ತೋ ಏನೋ. ಮನುಷ್ಯನ ದೌರ್ಬಲ್ಯವನ್ನು ಯಂತ್ರವು ಪರಿಹರಿಸಲಾರದು. ಆದರೆ ಲೆಕ್ಕದ ನಮೂನೆಯಲ್ಲಿ ಒಂದು ಕಾಲಮನ್ನು ಹೆಚ್ಚಿಸಿದರೆ, ಬಿಟ್ಟವರನ್ನು ಮರೆಯುವುದು ಅಷ್ಟು ಸುಲಭವಾಗಲಾರದು.

ಇದೆಲ್ಲ ನಮಗೆ ದೂರದ ಮಾತಲ್ಲ. ನಮ್ಮ ದೇಶದಲ್ಲಿಯೂ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ ಆರಂಭವಾಯಿತು. ನಮ್ಮಲ್ಲಿ ಅನೇಕರು ಅದರ 14 ಅಂಕೆಗಳ 'ಆಭಾ' ಸಂಖ್ಯೆಯನ್ನು ಈಗಾಗಲೇ ಪಡೆದಿದ್ದೇವೆ. ದಾಖಲೆಗಳು ಯಂತ್ರಕ್ಕೆ ಸೇರಿದ ಮೇಲೆ ಎಣಿಕೆಯೂ ಅದರ ಹಿಂದೆ ಬರುವುದು ಸಹಜ. ಆಗ ಗೃಹಸ್ಥರಾದ ನಾವು ಯಾವ ಆಸ್ಪತ್ರೆಯ ಶೇಕಡಾವಾರು ಸಂಖ್ಯೆಯನ್ನು ನೋಡಿದರೂ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಇದು ಎಷ್ಟು ಮಂದಿಯಲ್ಲಿ? ಬಿಟ್ಟವರು ಯಾರು, ಏಕೆ? ಎಣಿಸಿದ ವಿಧಿಯನ್ನು ಹೊರಗಿನವರು ನೋಡಬಹುದೆ?

ಮನೆಯಲ್ಲಿ ಮಾಡತಕ್ಕ ಕೆಲಸವೂ ಒಂದುಂಟು. ರಕ್ತದೊತ್ತಡದವರಿದ್ದರೆ ಅಳತೆಯನ್ನು ತಾರೀಖಿನೊಡನೆ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು, ವೈದ್ಯರ ಬಳಿಗೆ ಹೋದಾಗ ಅದನ್ನು ತೋರಿಸಿ ಅವರ ದಾಖಲೆಗೂ ಸೇರಿಸಿರೆಂದು ಕೇಳಿರಿ. ಬರೆಯದೆ ಹೋದುದನ್ನು ಯಾವ ಯಂತ್ರವೂ ಎಣಿಸಲಾರದು.