‘ಸಂಸ್ಕಾರ’ ಸಿನಿಮಾ ನಮ್ಮ ಸಭಾಂಗಣದಲ್ಲಿ ಯಾಕೆ ಬೇಡ?



ಈ ತಪಸ್ಸುಕಾಲದ ಒಂದು ಭಾನುವಾರ ಸಂಜೆ ಧರ್ಮಕೇಂದ್ರದ ಸಭಾಂಗಣದಲ್ಲಿ ‘ಸಂಸ್ಕಾರ’ ಸಿನಿಮಾ ತೋರಿಸೋಣ ಎಂದು ಯುವಜನರಾದ ನಾವು ಕೇಳಿದ್ದೆವು. ಬೇಡ ಎನ್ನುವ ಮಾತುಗಳು ಬಂದವು. ಆ ಮಾತುಗಳು ಮೂರು ತರಹದವು. ‘ಅದು ಬ್ರಾಹ್ಮಣರ ಕಥಿ, ನಮಗ್ಯಾಕ?’ ಎಂಬುದು ಒಂದು. ‘ಅದ್ರಾಗ ಸೆರೆ ಐತಿ, ವೇಶ್ಯೆ ಅದಾಳ, ಚರ್ಚಿನ್ಯಾಗ ತೋರ್ಸೂ ಸಿನಿಮಾ ಏನದು?’ ಎಂಬುದು ಎರಡನೆಯದು. ‘ಹಿಂದಕ್ಕ ಬ್ಯಾನ್ ಆಗಿತ್ತಂತ, ಸುಮ್ನ ತಂಟೆ ಯಾಕ?’ ಎಂಬುದು ಮೂರನೆಯದು. ಹಿರಿಯರ ಮೇಲೆ ನಮಗೆ ಗೌರವವಿದೆ. ಆದರೆ ಈ ಮೂರೂ ಮಾತು ಸರಿಯಲ್ಲ ಎಂದು ಇಲ್ಲಿ ನೇರವಾಗಿ ಹೇಳುತ್ತೇವೆ. ಕೊನೆಯದರಿಂದ ಶುರು ಮಾಡೋಣ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಬಂತು. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಅದನ್ನು ಸಿನಿಮಾ ಮಾಡಿದರು. ಚಿತ್ರಕಥೆ ಗಿರೀಶ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ದೊಡ್ಡ ಸ್ಟಾರ್ ಇಲ್ಲ, ಫೈಟಿಂಗ್ ಇಲ್ಲ, ಬಣ್ಣವೂ ಇಲ್ಲ. ಇಂಥ ಕಪ್ಪು-ಬಿಳುಪು ಸಿನಿಮಾಗೆ ಮದ್ರಾಸಿನ ಸೆನ್ಸಾರ್ ಮಂಡಳಿ ಹೆದರಿತು. ಜಾತಿಯ ವಿರುದ್ಧ ಮಾತಾಡುತ್ತದೆ, ಜನರ ನಡುವೆ ಗಲಾಟೆ ಎದ್ದೀತು ಎಂದು ತಡೆ ಹಾಕಿತು. ಆಮೇಲೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಇಲಾಖೆಯ ಮಟ್ಟದಲ್ಲಿ ಆ ತಡೆ ತೆರವಾಯಿತು.

ಮುಂದೇನಾಯಿತು? ಸಿನಿಮಾ ಬಿಡುಗಡೆಯಾಯಿತು, ಜನ ನೋಡಿದರು, ವಾದ ಮಾಡಿದರು. 1970ನೇ ಸಾಲಿನ ದೇಶದ ಅತ್ಯುತ್ತಮ ಕಥಾಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಇದಕ್ಕೇ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಸಿನಿಮಾ ಇದು. 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲೂ ಬಹುಮಾನ ಸಿಕ್ಕಿತು. ಇದು ತೆರೆದ ದಾರಿಯಲ್ಲೇ ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ ಬಂದವು. ಕೊನೆಯ ಎರಡಕ್ಕೂ ಅದೇ ಪ್ರಶಸ್ತಿ ಬಂತು. ಆದ್ದರಿಂದ ‘ಬ್ಯಾನ್ ಆಗಿತ್ತು’ ಎಂಬುದು ಈ ಸಿನಿಮಾದ ಮೇಲಿನ ಕಳಂಕವಲ್ಲ. ಕಳಂಕವಿದ್ದರೆ ಅದು ಬ್ಯಾನ್ ಮಾಡಿದವರ ಮೇಲಿದೆ.

ಈಗ ಮೊದಲನೆಯ ಮಾತಿಗೆ ಬರೋಣ. ಬ್ರಾಹ್ಮಣರ ಕಥೆ, ನಮಗೇಕೆ? ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇವೆ. ದೂರ್ವಾಸಪುರ ಎಂಬ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಬದುಕಿದ್ದಾಗ ಆತ ಮಾಂಸ ತಿಂದವನು, ಕುಡಿದವನು, ಮುಸ್ಲಿಮರ ಸಂಗಡ ಕೂತು ಉಂಡವನು, ಚಂದ್ರಿ ಎಂಬ ಕೆಳಜಾತಿಯ ಹೆಣ್ಣಿನ ಜೊತೆ ಬಾಳಿದವನು. ಅವನನ್ನು ಜಾತಿಯಿಂದ ಹೊರಗೆ ಹಾಕಿರಲಿಲ್ಲ. ಹಾಗಾಗಿ ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ಮಾಡಿದರೆ ಮೈಲಿಗೆ, ಮಾಡದಿದ್ದರೂ ದೋಷ. ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಮುಂದಿಡುತ್ತಾಳೆ. ಆಗ ಕೆಲವರ ಕಣ್ಣು ಹೆಣ ಬಿಟ್ಟು ಚಿನ್ನದ ಕಡೆ ಹೋಗುತ್ತದೆ. ಪಂಡಿತರಾದ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ಹುಡುಕುತ್ತಾರೆ, ದೇವರ ಮುಂದೆ ಕೂರುತ್ತಾರೆ, ಉತ್ತರ ಸಿಗುವುದಿಲ್ಲ. ಇತ್ತ ಹೆಣ ಕೊಳೆಯುತ್ತದೆ, ಇಲಿ ಬೀಳುತ್ತವೆ, ಹದ್ದು ಇಳಿಯುತ್ತವೆ. ಊರಿಗೆ ಪ್ಲೇಗ್ ಬಂದಿದೆ. ಕೊನೆಗೆ ಆ ಹೆಣಕ್ಕೆ ಬೆಂಕಿ ಕಾಣಿಸಿದವರು ಚಂದ್ರಿ ಮತ್ತು ಅವಳಿಗೆ ನೆರವಾದ ಒಬ್ಬ ಮುಸ್ಲಿಮ. ಶಾಸ್ತ್ರ ಬಲ್ಲವರು ಇನ್ನೂ ಚರ್ಚೆಯಲ್ಲೇ ಇದ್ದರು.

ಧರ್ಮೋಪದೇಶದ ತರಗತಿಯಲ್ಲಿ ಕೂತ ಯಾವ ಮಗುವಿಗೂ ಈ ಕಥೆ ಹೊಸದಲ್ಲ. ಜೆರಿಕೋ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ನೋಡಿ ಯಾಜಕ ಮಗ್ಗುಲಿಗೆ ಸರಿದು ಹೋದ, ಲೇವಿಯನೂ ಹೋದ. ನಿಂತವನು ಯಾರೂ ಮುಟ್ಟದ ಸಮಾರ್ಯದವನು. ಶಿಲುಬೆಯ ಮೇಲಿನ ಯೇಸುವಿನ ದೇಹವನ್ನು ಕೇಳಿ ಪಡೆದವನು ಅರಿಮತಾಯದ ಜೋಸೆಫ. ಪಾಸ್ಕ ಹಬ್ಬದ ಹೊತ್ತಿನಲ್ಲಿ ಹೆಣ ಮುಟ್ಟಿದರೆ ಅಶುದ್ಧ ಎಂಬ ಕಟ್ಟಳೆ ಅವನಿಗೂ ಗೊತ್ತಿತ್ತು. ನಮ್ಮ ಬೈಬಲಿನಲ್ಲಿರುವ ತೊಬೀತನಂತೂ ಬೀದಿಯಲ್ಲಿ ಬಿದ್ದ ತನ್ನ ಜನರ ಹೆಣಗಳನ್ನು ರಾಜನ ಸಿಟ್ಟಿಗೂ ಅಂಜದೆ ಹೂಳುತ್ತಿದ್ದ. ಸತ್ತವರನ್ನು ಹೂಳುವುದು ದೇಹಕ್ಕೆ ಸಂಬಂಧಿಸಿದ ಏಳು ದಯಾಕಾರ್ಯಗಳಲ್ಲಿ ಒಂದು ಎಂದು ಬಾಯಿಪಾಠ ಮಾಡಿದವರು ನಾವು. ಹಾಗಿದ್ದ ಮೇಲೆ ‘ಹೆಣ ಯಾರು ಎತ್ತಬೇಕು?’ ಎಂದು ಕೇಳುವ ಸಿನಿಮಾ ನಮ್ಮದಲ್ಲದೆ ಯಾರದು?

ಇನ್ನೊಂದು ಮಾತು ಹೇಳಲೇಬೇಕು. ಜಾತಿ ಎಂಬುದು ಅಗ್ರಹಾರದ ರೋಗ, ಚರ್ಚಿನ ಬಾಗಿಲಲ್ಲಿ ಅದು ನಿಂತುಬಿಡುತ್ತದೆ ಎನ್ನುವವರು 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಹೊರತಂದ ದಲಿತ ಸಬಲೀಕರಣ ನೀತಿಯನ್ನು ಓದಲಿ. ಧರ್ಮಸಭೆಯೊಳಗೇ ದಲಿತರ ಮೇಲೆ ತಾರತಮ್ಯ ನಡೆಯುತ್ತಿದೆ, ಅದು ಪಾಪ ಎಂದು ಧರ್ಮಾಧ್ಯಕ್ಷರೇ ಒಪ್ಪಿದ್ದಾರೆ. ತಮಿಳುನಾಡಿನ ತಿರುಚಿರಾಪಳ್ಳಿಯ ಒಂದು ಕ್ರೈಸ್ತ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರೆ ಮಾಡುವ ಗೋಡೆ ಎಷ್ಟೋ ಸಲ ಸುದ್ದಿಯಾಗಿದೆ. ಸತ್ತ ಮೇಲೂ ಜಾತಿ! ದೂರ್ವಾಸಪುರ ಎಲ್ಲೋ ಮಲೆನಾಡಿನಲ್ಲಿದೆ ಎಂದುಕೊಂಡರೆ ನಾವು ಸಿನಿಮಾ ನೋಡಿಯೂ ನೋಡದಂತೆ. ಧರ್ಮಾಧ್ಯಕ್ಷರು ಬರೆದು ಒಪ್ಪಿದ್ದನ್ನು ಪರದೆಯ ಮೇಲೆ ನೋಡಲು ನಮಗೇಕೆ ಭಯ?

ಎರಡನೆಯ ಮಾತು, ವೇಶ್ಯೆ ಮತ್ತು ಸೆರೆ. ಮತ್ತಾಯನ ಶುಭಸಂದೇಶದ ಮೊದಲ ಪುಟದಲ್ಲೇ ಯೇಸುವಿನ ವಂಶಾವಳಿಯೊಳಗೆ ರಹಾಬಳ ಹೆಸರಿದೆ. ಆಕೆ ಯಾರೆಂದು ಎಲ್ಲರಿಗೂ ಗೊತ್ತು. ಫರಿಸಾಯ ಸಿಮೋನನ ಮನೆಯಲ್ಲಿ ಯೇಸುವಿನ ಪಾದವನ್ನು ಕಣ್ಣೀರಿನಿಂದ ತೊಳೆದವಳು ಊರೇ ಪಾಪಿ ಎಂದು ಕರೆಯುತ್ತಿದ್ದ ಹೆಣ್ಣು. ಕಣ್ಣೆದುರು ಪಾಪ ಕಂಡಿತು ಎಂಬ ಕಾರಣಕ್ಕೆ ಪುಸ್ತಕ ಮುಚ್ಚುವುದಾದರೆ ಬೈಬಲನ್ನೇ ಮೊದಲು ಮುಚ್ಚಬೇಕಾಗುತ್ತದೆ. ಸಣ್ಣ ಮಕ್ಕಳಿಗೆ ಈ ಸಿನಿಮಾ ತೋರಿಸಿ ಎಂದು ನಾವು ಕೇಳುತ್ತಿಲ್ಲ. ಕಾಲೇಜಿಗೆ ಹೋಗುವವರು, ಅವರ ಅಪ್ಪ-ಅವ್ವ ಜೊತೆಯಾಗಿ ಕೂತು ನೋಡಲಿ, ಆಮೇಲೆ ಫಾದರ್ ಅವರೇ ಚರ್ಚೆ ನಡೆಸಲಿ ಎಂಬುದಷ್ಟೇ ನಮ್ಮ ಬೇಡಿಕೆ. ಯಾರೂ ಇಲ್ಲದಾಗ ಮೊಬೈಲಿನಲ್ಲಿ ಏನೇನೋ ನೋಡುವುದಕ್ಕಿಂತ ಇದು ಕೆಟ್ಟದ್ದೇ?

ಚಂದ್ರಿಯ ಪಾತ್ರ ಮಾಡಿದವರ ಬಗ್ಗೆಯೂ ತಿಳಿದಿರಲಿ. ಸ್ನೇಹಲತಾ ರೆಡ್ಡಿ 1932ರಲ್ಲಿ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಅವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರಿಗೆ ತೀವ್ರ ಅಸ್ತಮಾ ಇತ್ತು. ಜೈಲಿನಲ್ಲಿ ಡೈರಿ ಬರೆದರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, ಜನವರಿ 20ರಂದು ತೀರಿಕೊಂಡರು. ಶಾಂತಿ ಕದಡುತ್ತದೆ ಎಂದು 1970ರಲ್ಲಿ ಸಿನಿಮಾಗೆ ಹೆದರಿದ ವ್ಯವಸ್ಥೆ ಆರು ವರ್ಷದ ಮೇಲೆ ಅದರ ನಟಿಗೂ ಹೆದರಿತು. ಅಂಥವರ ಮುಖವನ್ನು ನಮ್ಮ ಯುವತಿಯರು ಪರದೆಯ ಮೇಲೆ ಒಮ್ಮೆಯಾದರೂ ನೋಡಬೇಡವೇ?

ಈ ವಾದ ಒಂದು ಸಿನಿಮಾಕ್ಕೆ ನಿಲ್ಲುವುದಿಲ್ಲ. ‘ಈ ಸಿನಿಮಾ ನಮ್ಮ ಧರ್ಮಕ್ಕೆ ಅವಮಾನ, ಬ್ಯಾನ್ ಮಾಡಿಸಿ, ಹತ್ತು ಜನರಿಗೆ ಕಳಿಸಿ’ ಎಂಬ ಮೆಸೇಜುಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತವೆ. ಕಳಿಸುವವರಲ್ಲಿ ಸಿನಿಮಾ ನೋಡಿದವರು ಎಷ್ಟು ಮಂದಿ? 2006ರಲ್ಲಿ ‘ದ ಡಾ ವಿಂಚಿ ಕೋಡ್’ ಬಂದಾಗ ದೇಶದ ಹಲವು ರಾಜ್ಯಗಳು ಅದನ್ನು ತಡೆದವು. ಆಂಧ್ರದ ಹೈಕೋರ್ಟ್ ಅಲ್ಲಿಯ ತಡೆಯನ್ನು ರದ್ದು ಮಾಡಿತು. ಆ ಸಿನಿಮಾದಿಂದ ಯಾರ ವಿಶ್ವಾಸವೂ ಕುಸಿಯಲಿಲ್ಲ. ಎಲ್ಲ ವಿವಾದದ ಸಿನಿಮಾಗಳೂ ಶ್ರೇಷ್ಠ ಎಂದು ನಾವು ಹೇಳುವುದಿಲ್ಲ. ಜೊಳ್ಳು ಯಾವುದು, ಕಾಳು ಯಾವುದು ಎಂದು ಕಾಲವೇ ತೂರಿ ತೋರಿಸುತ್ತದೆ. ಆದರೆ ತೂರುವ ಮೊದಲೇ ರಾಶಿಗೆ ಬೆಂಕಿ ಹಚ್ಚುವವನನ್ನು ನಮ್ಮ ಊರಲ್ಲಿ ಯಾರೂ ಶಾಣ್ಯಾ ಎನ್ನುವುದಿಲ್ಲ.

ಧರ್ಮಸಭೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 1431ರಲ್ಲಿ ಧರ್ಮಸಭೆಯ ನ್ಯಾಯಪೀಠ ಜೋನ್ ಆಫ್ ಆರ್ಕ್ ಎಂಬ ಹುಡುಗಿಯನ್ನು ಪಾಷಂಡಿ ಎಂದು ತೀರ್ಮಾನಿಸಿತು, ಅವಳನ್ನು ಸುಟ್ಟರು. 1920ರಲ್ಲಿ ಅದೇ ಧರ್ಮಸಭೆ ಅವಳನ್ನು ಸಂತಳೆಂದು ಘೋಷಿಸಿತು. ಅವಳ ವಿಚಾರಣೆಯ ಮೇಲೆ ಡೆನ್ಮಾರ್ಕಿನ ಕಾರ್ಲ್ ಡ್ರೈಯರ್ 1928ರಲ್ಲಿ ಮೂಕಿ ಚಿತ್ರ ಮಾಡಿದಾಗ ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ಅದಕ್ಕೆ ಕತ್ತರಿ ಹಾಕಿಸಿದರು. ಬ್ರಿಟನ್ನಿನಲ್ಲಿ ಅದನ್ನು ನಿಷೇಧಿಸಿದರು. ಮೂಲ ನೆಗೆಟಿವ್ ಬೆಂಕಿಗೆ ಹೋಯಿತು. ಕಳೆದೇಹೋಯಿತು ಎಂದುಕೊಂಡಿದ್ದ ಮೂಲ ರೂಪದ ಒಂದು ಪ್ರತಿ 1981ರಲ್ಲಿ ಓಸ್ಲೋದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸಿಕ್ಕಿತು. ಸಿನಿಮಾಗೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಶ್ರೇಷ್ಠ ಚಿತ್ರಗಳ ಪಟ್ಟಿ ಹೊರಡಿಸಿತು, ಅದರಲ್ಲಿ ಈ ಚಿತ್ರವೂ ಇದೆ. ಸುಟ್ಟದ್ದೂ ನಾವೇ, ಹಾರ ಹಾಕಿದ್ದೂ ನಾವೇ. ಮೊದಲೇ ಸಮಾಧಾನದಿಂದ ನೋಡಿದ್ದರೆ?

ಅದೇ ಪಟ್ಟಿಯಲ್ಲಿ ಬರ್ಗ್‌ಮನ್ನರ ‘ದ ಸೆವೆಂತ್ ಸೀಲ್’ ಕೂಡ ಇದೆ. ಪ್ಲೇಗಿನ ಕಾಲದಲ್ಲಿ ದೇವರನ್ನು ಹುಡುಕುವ ಒಬ್ಬ ಯೋಧನ ಕಥೆ ಅದು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಅನಂತಮೂರ್ತಿಯವರು ಆ ಚಿತ್ರ ನೋಡಿದ ಮೇಲೆಯೇ ‘ಸಂಸ್ಕಾರ’ ಬರೆಯಲು ಹೊರಟರು, ಇದನ್ನು ಅವರೇ ಹೇಳಿಕೊಂಡಿದ್ದಾರೆ. ವ್ಯಾಟಿಕನ್ ಮೆಚ್ಚಿದ ಸಿನಿಮಾದಿಂದ ಕಿಡಿ ಹೊತ್ತಿದ ಕಥೆ ನಮ್ಮ ಧರ್ಮಕೇಂದ್ರದ ಸಭಾಂಗಣಕ್ಕೆ ಮೈಲಿಗೆಯಾಗುತ್ತದೆಯೇ?

ಕೊನೆಗೆ ನಮ್ಮ ಊರಿನ ಮಾತು. ಜತ್ತ ತಾಲೂಕಿನಲ್ಲಿ ನಾವು ಎರಡು ರೀತಿಯಲ್ಲಿ ಅಲ್ಪಸಂಖ್ಯಾತರು, ಮಹಾರಾಷ್ಟ್ರದಲ್ಲಿ ಕನ್ನಡಿಗರು, ಕನ್ನಡಿಗರಲ್ಲಿ ಕ್ರೈಸ್ತರು. ‘ಶಾಂತಿ ಕದಡುತ್ತದೆ’ ಎಂಬ ಕಾರಣ ಹೇಳಿ ಇಂದು ಸಿನಿಮಾ ನಿಲ್ಲಿಸಬಹುದಾದರೆ, ಅದೇ ಕಾರಣ ಹೇಳಿ ನಾಳೆ ನಮ್ಮ ಪಾಡಿನ ನಾಟಕವನ್ನು, ಕ್ರಿಸ್ಮಸ್ ಕ್ಯಾರಲ್ಲನ್ನು, ಮನೆಯ ಪ್ರಾರ್ಥನಾಕೂಟವನ್ನೂ ನಿಲ್ಲಿಸಬಹುದು. ಆ ಕತ್ತಿಗೆ ಸಾಣೆ ಹಿಡಿದು ಕೊಡುವ ಕೆಲಸ ನಮ್ಮದಾಗಬಾರದು. ಇನ್ನು ಕನ್ನಡದ ಮಾತು. 2022ರ ನವೆಂಬರಿನಲ್ಲಿ ನಮ್ಮ ತಾಲೂಕಿನ 40 ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಟಿವಿಯಲ್ಲಿ ಓಡಾಡಿತು. ಗಡಿಯ ಗಲಾಟೆ ನಮ್ಮವರೆಗೆ ಬರುತ್ತದೆ, ಕನ್ನಡದ ಒಳ್ಳೆಯ ಸಿನಿಮಾ ಮಾತ್ರ ಬರುವುದಿಲ್ಲ. 1843ರಲ್ಲಿ ವಿಷ್ಣುದಾಸ ಭಾವೆ ಕರ್ನಾಟಕದಿಂದ ಬಂದ ಭಾಗವತರ ಆಟ ನೋಡಿದ ಪ್ರೇರಣೆಯಿಂದ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು, ಮರಾಠಿ ರಂಗಭೂಮಿ ಹುಟ್ಟಿದ್ದೇ ಹಾಗೆ. ಒಳ್ಳೆಯ ಕಲೆ ಗಡಿ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಉದಾಹರಣೆ.

ಆದ್ದರಿಂದ ನಮ್ಮ ಬೇಡಿಕೆ ಸರಳ. ತಪಸ್ಸುಕಾಲದ ಒಂದು ಭಾನುವಾರ ಸಂಜೆ, ಒಂದು ಪ್ರೊಜೆಕ್ಟರ್, ಒಂದು ಬಿಳಿ ಬಟ್ಟೆ ಸಾಕು. ಬೇಡ ಎಂದ ಕಾಕಾ, ಮಾವಂದಿರೇ ಮುಂದಿನ ಸಾಲಿನಲ್ಲಿ ಕೂರಲಿ. ನೋಡಿದ ಮೇಲೆ ‘ಇದು ಕೆಟ್ಟದ್ದು’ ಎಂದರೆ ಆ ಮಾತನ್ನು ಕೇಳಲು ನಾವು ಸಿದ್ಧ, ಅಲ್ಲೇ ವಾದಕ್ಕೂ ಸಿದ್ಧ. ನೋಡದೆ ಹೇಳುವ ‘ಬೇಡ’ವನ್ನು ಮಾತ್ರ ಒಪ್ಪುವುದಿಲ್ಲ. ಧರ್ಮಕೇಂದ್ರದ ಪರಿಷತ್ತಿನ ಮುಂದಿನ ಸಭೆಯಲ್ಲಿ ಈ ಮನವಿಯನ್ನು ಮತ್ತೆ ಇಡುತ್ತೇವೆ. ಒಪ್ಪಿದವರು ಭಾನುವಾರದ ಪೂಜೆ ಮುಗಿದ ಮೇಲೆ ಹೆಸರು ಕೊಡಿ. ಒಪ್ಪದವರೂ ಬಂದು ಮಾತಾಡಿ.