ಶಾಲೆಯ ತೊಟ್ಟಿಯಲ್ಲೊಂದು ಉಗಿದೋಣಿ

ನಾಗಸಂದ್ರ, ಚೊಕ್ಕಸಂದ್ರ ಮೊದಲಾದ ಊರುಗಳ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಶಬ್ದದ ರೂಪಾಂತರವೆಂದೂ, ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರೆಂದೂ ಸ್ಥಳನಾಮಗಳನ್ನು ಅಭ್ಯಸಿಸಿದ ವಿದ್ವಾಂಸರು ಹೇಳುತ್ತಾರೆ. ಹೆಸರಿನಲ್ಲಿಯೇ ಸಮುದ್ರವನ್ನು ಹೊತ್ತ ಊರಿನಲ್ಲಿ ದೋಣಿಯ ಮಾತೆತ್ತುವುದು ಅನುಚಿತವಾಗಲಾರದು. ಇಲ್ಲಿ ಪ್ರಸ್ತಾಪಿಸುವ ದೋಣಿಯಾದರೋ ಎರಡು ಮೊಳ ಉದ್ದದ ಮಾದರಿ ದೋಣಿ. ಅದರ ಒಡಲಲ್ಲಿ ಅಂಗೈಯಷ್ಟು ಅಗಲದ ಒಂದು ಉಗಿಯಂತ್ರ. ಅದನ್ನು ಅಂಗಡಿಯಿಂದ ಕೊಂಡು ತರದೆ ಹೈಸ್ಕೂಲಿನ ವಿದ್ಯಾರ್ಥಿಗಳೇ ನಿರ್ಮಿಸಬೇಕು. ಅವರಿಗೆ ಆ ಕೆಲಸವನ್ನು ಕಲಿಸುವ ಗುರುಗಳು ಪೀಣ್ಯದ ಕಾರ್ಮಿಕರೇ ಆಗಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

ಜಾತ್ರೆಗಳಲ್ಲಿ ಮಾರುವ ತಗಡಿನ ದೋಣಿಯನ್ನು ಕಾಣದ ಮಕ್ಕಳು ವಿರಳ. ಅದರೊಳಗೆ ಸಣ್ಣ ಬತ್ತಿಯನ್ನು ಹೊತ್ತಿಸಿಟ್ಟರೆ, ಕೊಳವೆಯಲ್ಲಿನ ನೀರು ಕಾದು ಉಗಿಯಾಗಿ ಹಿಂದಕ್ಕೆ ಚಿಮ್ಮಿ, ಮರಳಿ ನೀರನ್ನು ಸೆಳೆದುಕೊಂಡು, ಪಟಪಟನೆ ಸದ್ದುಮಾಡುತ್ತ ದೋಣಿಯು ಮುಂದೆ ಸಾಗುತ್ತದೆ. ಥಾಮಸ್ ಪಿಯೋ ಎಂಬಾತ ೧೮೯೧ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ದೋಣಿಗೆ ಪೇಟೆಂಟ್ ಪಡೆದನು. ಆಟಿಕೆಯು ಸೊಗಸಾದುದೇ ಸರಿ. ಆದರೆ ಅದು ಹೇಗೆ ಚಲಿಸುತ್ತದೆಂಬುದು ಬೆಸೆದ ತಗಡಿನ ಒಳಗೇ ಅಡಗಿರುತ್ತದೆ. ಮಗು ಅದನ್ನು ನೋಡಿ ಬೆರಗಾಗಬಹುದೇ ಹೊರತು ತಿಳಿಯಲಾರದು. ಬೆರಗನ್ನು ತಿಳಿವಾಗಿ ಮಾರ್ಪಡಿಸುವುದು ಶಾಲೆಯ ಹೊಣೆ.

ನಾಗಸಂದ್ರದ ಸನ್ನಿವೇಶವನ್ನು ಗಮನಿಸಿದರೆ ಈ ಹೊಣೆಯ ಅರ್ಥವು ಇನ್ನಷ್ಟು ಸ್ಪಷ್ಟವಾಗುತ್ತದೆ. ಸಮೀಪದ ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಎಚ್.ಎಂ.ಟಿ. ಸಂಸ್ಥೆ ಆರಂಭವಾಯಿತು. ತುಮಕೂರು ರಸ್ತೆಯಲ್ಲಿ ಇಂದು ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯೆಂದು ಕರೆಯಲ್ಪಡುವ ಸಂಶೋಧನಾಲಯವು ೧೯೬೨ರಲ್ಲಿ ಸ್ಥಾಪಿತವಾಯಿತು. ಎಪ್ಪತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವು ರೂಪುಗೊಂಡು, ೧೯೭೮ರಲ್ಲಿ ಪೀಣ್ಯ ಕೈಗಾರಿಕೆಗಳ ಸಂಘವೂ ಅಸ್ತಿತ್ವಕ್ಕೆ ಬಂದಿತು. ಏಷ್ಯಾ ಖಂಡದ ಅತಿ ದೊಡ್ಡ ಸಣ್ಣ ಕೈಗಾರಿಕಾ ನೆಲೆಗಳಲ್ಲಿ ಒಂದೆಂದು ಹೆಸರಾದ ಈ ಪ್ರದೇಶದ ಶೆಡ್ಡುಗಳ ಸಾಲು ಸಾಲು ಮಾಡುಗಳು, ೨೦೧೫ರ ಮೇ ತಿಂಗಳಲ್ಲಿ ನಾಗಸಂದ್ರದವರೆಗೆ ಬಂದ ಮೆಟ್ರೋ ರೈಲಿನ ಕಿಟಕಿಯಿಂದ ಕಾಣುತ್ತವೆ. ಆ ಮಾಡುಗಳ ಕೆಳಗೆ ಟರ್ನರು, ಫಿಟ್ಟರು, ಗ್ರೈಂಡರುಗಳು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿದು ದುಡಿಯುತ್ತಾರೆ.

ವಿಪರ್ಯಾಸವೆಂದರೆ, ಇದೇ ಕಾರ್ಮಿಕರ ಮಕ್ಕಳು ಓದುವ ಶಾಲೆಗಳಲ್ಲಿ ಈ ವಿದ್ಯೆಗೆ ಸ್ಥಾನವಿಲ್ಲ. ಅಷ್ಟೇ ಅಲ್ಲ, ಅದು ಬೆದರಿಕೆಯ ವಸ್ತುವೂ ಆಗಿದೆ. ‘ಚೆನ್ನಾಗಿ ಓದು, ಇಲ್ಲವಾದರೆ ನನ್ನ ಹಾಗೆ ಲೇತಿನ ಮುಂದೆ ನಿಲ್ಲಬೇಕಾದೀತು’ ಎಂಬ ಮಾತನ್ನು ತಂದೆಯೇ ಮಗನಿಗೆ ಹೇಳುತ್ತಾನೆ. ಆ ಮಾತಿನ ಹಿಂದಿರುವ ನೋವು ಸುಳ್ಳಲ್ಲ. ಕಡಿಮೆ ಕೂಲಿ, ಅಭದ್ರವಾದ ನೌಕರಿ, ಬೆರಳು ಕಳೆದುಕೊಳ್ಳುವ ಭಯ ಇವೆಲ್ಲ ಆ ತಂದೆ ಅನುಭವಿಸಿದ ಸಂಗತಿಗಳು. ಆದರೆ ಮಗನು ಅದನ್ನು ಬೇರೆ ರೀತಿಯಲ್ಲಿ ಗ್ರಹಿಸುತ್ತಾನೆ: ತಂದೆಯ ಕೈಯಲ್ಲಿರುವುದು ವಿದ್ಯೆಯಲ್ಲ, ವಿದ್ಯೆಯಿಲ್ಲದವರ ಪಾಲಿಗೆ ಬಂದ ದುಡಿಮೆ ಎಂದು. ಗಣಕನಿಯಂತ್ರಿತ ಯಂತ್ರಗಳು ಬಂದ ಮೇಲೆ ಕೈಲೇತುಗಳ ಮೇಲೆ ಪಳಗಿದವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರೊಂದಿಗೆ ಮೂರು ನಾಲ್ಕು ದಶಕಗಳ ಅನುಭವವು, ಒಂದು ನೋಟುಪುಸ್ತಕದಲ್ಲಿಯೂ ದಾಖಲಾಗದೆ ಮರೆಯಾಗುತ್ತಿದೆ.

ಈ ಕಂದಕಕ್ಕೆ ಕಿರುದೋಣಿಯ ಉಗಿಯಂತ್ರವು ಒಂದು ಕಾಲುಸೇತುವೆಯಾಗಬಲ್ಲದು. ಆರಂಭಿಕರಿಗೆ ತಕ್ಕುದು ತೂಗು ಸಿಲಿಂಡರಿನ ಯಂತ್ರ. ಇದರ ಸಿಲಿಂಡರು ಒಂದು ಕೀಲಿನ ಆಧಾರದ ಮೇಲೆ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಸಿಲಿಂಡರಿನ ಬದಿಯಲ್ಲಿ ಒಂದು ರಂಧ್ರ. ಅದು ಒರಗಿಕೊಂಡಿರುವ ಹಿತ್ತಾಳೆಯ ಫಲಕದಲ್ಲಿ ಎರಡು ರಂಧ್ರಗಳು. ಒಂದು ಕಡೆಗೆ ತೂಗಿದಾಗ ಬಾಯ್ಲರಿನ ಉಗಿಯು ಒಳನುಗ್ಗಿ ಪಿಸ್ಟನನ್ನು ತಳ್ಳುತ್ತದೆ. ಮತ್ತೊಂದು ಕಡೆಗೆ ತೂಗಿದಾಗ ಕೆಲಸ ಮುಗಿಸಿದ ಉಗಿಯು ಹೊರಹೋಗುತ್ತದೆ. ಉಗಿಯನ್ನು ಬಿಡುವ, ತಡೆಯುವ ಪ್ರತ್ಯೇಕ ಕವಾಟದ ಅಗತ್ಯವೇ ಇಲ್ಲ. ಇದನ್ನು ಮಕ್ಕಳ ಆಟಿಕೆಯೆಂದು ಕಡೆಗಣಿಸುವಂತಿಲ್ಲ. ೧೮೫೮ರಲ್ಲಿ ನೀರಿಗಿಳಿದ ‘ಗ್ರೇಟ್ ಈಸ್ಟರ್ನ್’ ಎಂಬ ಮಹಾನೌಕೆಯ ಪಕ್ಕದ ಚಕ್ರಗಳನ್ನು ತಿರುಗಿಸುತ್ತಿದ್ದುದು ಆರಡಿಗೂ ಮೀರಿದ ವ್ಯಾಸದ ನಾಲ್ಕು ತೂಗು ಸಿಲಿಂಡರುಗಳು. ೧೮೭೦ರಲ್ಲಿ ಮುಂಬಯಿಗೂ ಏಡನ್ನಿಗೂ ನಡುವೆ ಕಡಲ ತಳದಲ್ಲಿ ತಂತಿಯನ್ನು ಹಾಸಿದುದು ಇದೇ ನೌಕೆ.

ಮಾದರಿ ಯಂತ್ರದ ಅಳತೆಗಳು ಚಿಕ್ಕವು. ಸಿಲಿಂಡರಿನ ಒಳವ್ಯಾಸ ೧೦ ಮಿಲಿಮೀಟರ್, ಪಿಸ್ಟನ್ನಿನ ಓಟ ೧೫ ಮಿಲಿಮೀಟರ್ ಇದ್ದರೆ ಸಾಕು. ಗುಜರಿಯ ಹಿತ್ತಾಳೆಯ ತುಂಡಿನಿಂದಲೇ ಅದನ್ನು ಮಾಡಬಹುದು. ಆದರೆ ಸಿಲಿಂಡರು ಮತ್ತು ಫಲಕ ಸಂಧಿಸುವ ಮೈಗಳು ಕನ್ನಡಿಯಂತೆ ಸಮತಟ್ಟಾಗಿರಬೇಕು. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದವನ್ನು ಹಾಸಿ, ಎಣ್ಣೆ ಹಾಕಿ, ಎಂಟರ ಅಂಕಿಯ ಆಕಾರದಲ್ಲಿ ಗಂಟೆಗಟ್ಟಲೆ ಉಜ್ಜಬೇಕು. ರಂಧ್ರಗಳು ಕೀಲಿನಿಂದ ಸಮಾನ ದೂರದಲ್ಲಿ ಒಂದೇ ಕಂಸದ ಮೇಲಿರಬೇಕು. ಅವು ಅರ್ಧ ಮಿಲಿಮೀಟರ್ ಸರಿದರೂ ಉಗಿಯು ಹೊತ್ತು ತಪ್ಪಿ ಬರುತ್ತದೆ, ಯಂತ್ರವು ಮುಗ್ಗರಿಸುತ್ತದೆ. ಇಲ್ಲಿ ಉತ್ತರಪತ್ರಿಕೆಯನ್ನು ತಿದ್ದುವ ಮಾಸ್ತರರು ಬೇಕಾಗುವುದಿಲ್ಲ. ಕೆಲಸವು ಸರಿಯಾಗಿದ್ದರೆ ಚಕ್ರ ತಿರುಗುತ್ತದೆ. ತಪ್ಪಿದ್ದರೆ ಉಗಿಯು ಸೋರಿ, ತಪ್ಪಿರುವ ಸ್ಥಳವನ್ನು ತಾನೇ ತೋರಿಸುತ್ತದೆ. ಬಾಯಿಪಾಠದಿಂದಾಗಲಿ, ಪಕ್ಕದವನ ಪುಸ್ತಕವನ್ನು ನೋಡುವುದರಿಂದಾಗಲಿ ಆ ಸೋರಿಕೆಯನ್ನು ಮುಚ್ಚಲಾಗದು.

ಗಣಿತ ವಿಜ್ಞಾನಗಳಿಗೂ ಇದರಲ್ಲಿ ಸಾಕಷ್ಟು ಅವಕಾಶವುಂಟು. ಒಂದು ಲೋಟ ನೀರು ಕುದಿದು ಸುಮಾರು ೧,೬೭೦ ಲೋಟಗಳಷ್ಟು ಉಗಿಯಾಗುತ್ತದೆ. ಒಂದು ಕಿಲೋಗ್ರಾಂ ನೀರನ್ನು ೩೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಏರಿಸಲು ೭೦ ಕಿಲೋಕ್ಯಾಲರಿ ಶಾಖ ಸಾಕು; ಅದೇ ನೀರನ್ನು ಉಗಿಯಾಗಿಸಲು ಮತ್ತೆ ೫೪೦ ಕಿಲೋಕ್ಯಾಲರಿ ಬೇಕು. ಗುಪ್ತೋಷ್ಣವೆಂಬ ಪಾಠದ ಮಾತು, ಸ್ಪಿರಿಟ್ ದೀಪದ ಮುಂದೆ ಕಾದು ಕುಳಿತ ವಿದ್ಯಾರ್ಥಿಗೆ ಅನುಭವದ ಮಾತಾಗುತ್ತದೆ. ಮೇಲೆ ಹೇಳಿದ ಸಿಲಿಂಡರು ನಿಮಿಷಕ್ಕೆ ೬೦೦ ಸುತ್ತು ತಿರುಗಿದರೆ ಅದರ ಸಾಮರ್ಥ್ಯವು ಸುಮಾರು ಒಂದು ವಾಟ್ ಮಾತ್ರ. ಆದರೂ ಆ ಒಂದು ವಾಟ್ ದೋಣಿಯನ್ನು ತೊಟ್ಟಿಯ ಈ ದಡದಿಂದ ಆ ದಡಕ್ಕೆ ಒಯ್ಯಬಲ್ಲದು.

ಚಿಕ್ಕ ಯಂತ್ರವು ದೊಡ್ಡ ಯಂತ್ರಕ್ಕಿಂತ ಹೆಚ್ಚು ಮೊಂಡು. ಅಳತೆಯನ್ನು ಅರ್ಧಕ್ಕಿಳಿಸಿದರೆ ಸಿಲಿಂಡರಿನ ಗಾತ್ರ ಎಂಟನೆಯ ಒಂದಕ್ಕೆ ಇಳಿಯುತ್ತದೆ; ಆದರೆ ಅದರ ಮೈ ಇಳಿಯುವುದು ನಾಲ್ಕನೆಯ ಒಂದಕ್ಕೆ ಮಾತ್ರ. ಆದ್ದರಿಂದ ತಣ್ಣನೆಯ ಲೋಹಕ್ಕೆ ತಾಗಿ ನೀರಾಗುವ ಉಗಿಯ ಪಾಲು ಹೆಚ್ಚುತ್ತದೆ. ಜಗತ್ತನ್ನು ಬದಲಿಸಿದ ಒಂದು ವಿಚಾರವು ಹುಟ್ಟಿದುದು ಇಂಥ ಮೊಂಡುತನದಿಂದಲೇ. ೧೭೬೩-೬೪ರ ಚಳಿಗಾಲದಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದ ಉಪಕರಣಗಳ ಕುಶಲಕರ್ಮಿಯಾಗಿದ್ದ ಜೇಮ್ಸ್ ವಾಟ್‌ನ ಕೈಗೆ ತರಗತಿಯ ಪಾಠಕ್ಕೆಂದು ಇಟ್ಟಿದ್ದ ನ್ಯೂಕಾಮೆನ್ ಯಂತ್ರದ ಮಾದರಿಯೊಂದು ದುರಸ್ತಿಗೆ ಬಂದಿತು. ಅದು ಕೆಲವು ಬಡಿತಗಳ ಬಳಿಕ ನಿಂತುಹೋಗುತ್ತಿತ್ತು. ಏಕೆ ನಿಲ್ಲುತ್ತದೆಂದು ಚಿಂತಿಸಿದ ವಾಟ್, ೧೭೬೫ರಲ್ಲಿ ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯವನ್ನು ಕಂಡುಕೊಂಡನು. ನಿಂತುಹೋದ ಮಾದರಿಯೇ ಅವನಿಗೆ ಪಾಠ ಹೇಳಿತು.

ಭಾರತದ ನೆಲದಲ್ಲಿಯೂ ಎರಡು ನಿದರ್ಶನಗಳು ದೊರೆಯುತ್ತವೆ. ೧೮೨೦ರಲ್ಲಿ ಬಂಗಾಳದ ಶ್ರೀರಾಮಪುರದ ಕಾಗದದ ಕಾರ್ಖಾನೆಗೆ ಇಂಗ್ಲೆಂಡಿನಿಂದ ಒಂದು ಉಗಿಯಂತ್ರ ಬಂದಿತು. ಹೂಗ್ಲಿ ನದಿಯಾಚೆಯ ಟೀಟಾಗಢದ ಕಮ್ಮಾರ ಗೋಲಕಚಂದ್ರನು ಅದನ್ನು ಕಂಡು, ಯುರೋಪಿಯನ್ನರ ನೆರವಿಲ್ಲದೆ ತಾನೇ ಒಂದು ಉಗಿಯಂತ್ರವನ್ನು ನಿರ್ಮಿಸಿ, ೧೮೨೮ರಲ್ಲಿ ಕಲ್ಕತ್ತೆಯ ಪ್ರದರ್ಶನವೊಂದರಲ್ಲಿ ೫೦ ರೂಪಾಯಿಗಳ ಬಹುಮಾನವನ್ನು ಪಡೆದನು. ಆತನ ಹೆಸರು ಇತಿಹಾಸದ ಕೆಲವು ಸಾಲುಗಳಲ್ಲಿ ಉಳಿದಿದೆಯಷ್ಟೆ. ಮುಂಬಯಿಯ ಹಡಗು ಕಟ್ಟುವ ಮನೆತನದ ಅರ್ದೇಶಿರ್ ಕರ್ಸೆಟ್‌ಜಿ ವಾಡಿಯಾ ೧೮೩೩ರಲ್ಲಿ ಒಂದು ಅಶ್ವಶಕ್ತಿಯ ಉಗಿಯಂತ್ರವನ್ನು ತಾನೇ ನಿರ್ಮಿಸಿದನು. ‘ಇಂಡಸ್’ ಎಂಬ ಹಡಗಿಗೆ ಉಗಿಯಂತ್ರವನ್ನು ಅಳವಡಿಸಿದನು. ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಚುನಾಯಿತನಾದ ಮೊದಲ ಭಾರತೀಯನೆಂಬ ಕೀರ್ತಿಗೆ ಪಾತ್ರನಾದನು. ಇಬ್ಬರ ಕೈಗಳೂ ಚತುರವಾಗಿದ್ದವು. ಆದರೆ ಅರ್ದೇಶಿರನಿಗೆ ಮನೆಯೇ ಕಾರ್ಯಾಗಾರವೂ ಪಾಠಶಾಲೆಯೂ ಆಗಿತ್ತು. ಗೋಲಕಚಂದ್ರನ ಬೆನ್ನಿಗೆ ಯಾವ ಶಾಲೆಯೂ ನಿಲ್ಲಲಿಲ್ಲ. ಪೀಣ್ಯದ ಶೆಡ್ಡುಗಳಲ್ಲಿ ಇಂದು ಎಷ್ಟು ಜನ ಗೋಲಕಚಂದ್ರರು ದುಡಿಯುತ್ತಿರುವರೋ ಎಂದು ನಾಗಸಂದ್ರದ ಶಾಲೆಗಳು ಕೇಳಿಕೊಳ್ಳಬೇಕಾಗಿದೆ.

ಈ ಪ್ರತಿಪಾದನೆಗೆ ಆಕ್ಷೇಪಗಳಿಲ್ಲದೆ ಇಲ್ಲ. ಉಗಿಯ ಕಾಲ ಮುಗಿಯಿತಲ್ಲವೇ ಎಂಬುದು ಮೊದಲನೆಯದು. ಭಾರತದ ಅಗಲ ಹಳಿಗಳ ಮೇಲೆ ಉಗಿಬಂಡಿಗಳ ನಿತ್ಯಸಂಚಾರವು ೧೯೯೫ರಲ್ಲಿ ನಿಂತುಹೋದುದು ನಿಜ. ಆದರೆ ರಾಯಚೂರು, ಬಳ್ಳಾರಿಗಳ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲು ಉರಿದರೂ, ಕೈಗಾದಲ್ಲಿ ಪರಮಾಣು ಒಡೆದರೂ, ಕಟ್ಟಕಡೆಗೆ ಟರ್ಬೈನನ್ನು ತಿರುಗಿಸುವುದು ಉಗಿಯೇ. ಮಗುವಿನ ಕೋಣೆಯ ದೀಪಕ್ಕೂ ಉಗಿಗೂ ಇರುವ ನಂಟು ಕಡಿದಿಲ್ಲ.

ಅಪಾಯದ ಮಾತು ಎರಡನೆಯದು. ಇದನ್ನು ಲಘುವಾಗಿ ಎಣಿಸಬಾರದು. ೧೯೨೩ರ ಬಾಯ್ಲರುಗಳ ಕಾಯಿದೆಯ ಸ್ಥಾನದಲ್ಲಿ ೨೦೨೫ರಲ್ಲಿ ಹೊಸ ಕಾಯಿದೆ ಬಂದಿದೆ. ೨೫ ಲೀಟರಿಗಿಂತ ಚಿಕ್ಕ ಪಾತ್ರೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ೨೦೦ ಮಿಲಿಲೀಟರಿನ ಮಾದರಿ ಬಾಯ್ಲರನ್ನು ಪರೀಕ್ಷಿಸಲು ಇನ್‌ಸ್ಪೆಕ್ಟರು ಬರಲಾರರು. ಅಂದ ಮೇಲೆ ಮಾಡುವವರ ಹೊಣೆಯು ಹೆಚ್ಚುತ್ತದೆ. ೫ ಸೆಂಟಿಮೀಟರ್ ವ್ಯಾಸದ, ಒಂದು ಮಿಲಿಮೀಟರ್ ದಪ್ಪದ ತಾಮ್ರದ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಂ ಒತ್ತಡವಿದ್ದರೆ, ಲೋಹದ ಮೇಲೆ ಬೀಳುವ ಎಳೆತವು ಚದರ ಸೆಂಟಿಮೀಟರಿಗೆ ೫೦ ಕಿಲೋಗ್ರಾಂ. ಮೆದುಗೊಳಿಸಿದ ತಾಮ್ರವು ಸುಮಾರು ೨,೦೦೦ ಕಿಲೋಗ್ರಾಂ ತಾಳಬಲ್ಲದು. ಈ ಲೆಕ್ಕವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯೇ ಮಾಡಬಹುದು. ಆದರೆ ಬಲಹೀನವಾಗುವುದು ಕೂಡುಗಳು. ಆದಕಾರಣ ಸೀಸದ ಬೆಸುಗೆಯನ್ನು ಬಳಸದೆ ನುರಿತ ಕೆಲಸಗಾರನಿಂದ ಬೆಳ್ಳಿಯ ಬ್ರೇಜಿಂಗ್ ಮಾಡಿಸಬೇಕು. ಸೇಫ್ಟಿ ವಾಲ್ವ್ ಇಲ್ಲದೆ ದೀಪ ಹೊತ್ತಿಸಕೂಡದು. ಮೊದಲು ತಣ್ಣೀರನ್ನು ತುಂಬಿ ಇಮ್ಮಡಿ ಒತ್ತಡದಲ್ಲಿ ಪರೀಕ್ಷಿಸಬೇಕು. ನೀರು ಉಗಿಯಂತೆ ಹಿಗ್ಗದಾದ್ದರಿಂದ, ಆಗ ಕೂಡು ಬಿಟ್ಟರೂ ಹನಿ ಸೋರುವುದೇ ಹೊರತು ಸ್ಫೋಟವಾಗದು. ಒಲೆಯ ಮೇಲಿನ ಕುಕ್ಕರಿನ ಬಗ್ಗೆ ತಾಯಂದಿರು ವಹಿಸುವ ಎಚ್ಚರವನ್ನೇ ಶಾಲೆಯೂ ವಹಿಸಬೇಕು. ಅಪಾಯವನ್ನು ಅಳೆದು ಅಂಕೆಯಲ್ಲಿಡುವುದನ್ನು ಕಲಿಯುವುದು ಸಹ ಶಿಕ್ಷಣವೇ.

ಪರೀಕ್ಷೆ, ಅಂಕ, ಸಮಯ ಎಂಬುದು ಮೂರನೆಯ ಆಕ್ಷೇಪ. ೨೦೧೬ರಿಂದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಅನೇಕ ಶಾಲೆಗಳಿಗೆ ಬಂದಿವೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರಿಗೆ, ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯುವ ಹತ್ತು ದಿನಗಳನ್ನು ಸೂಚಿಸಿದೆ. ಉಪಕರಣವೂ ಅವಕಾಶವೂ ತಕ್ಕಮಟ್ಟಿಗೆ ಇವೆ. ಕೊರತೆ ಇರುವುದು ಗುರುವನ್ನು ಗುರುತಿಸುವುದರಲ್ಲಿ. ಕೊಂಡು ತಂದ ತುಂಡುಗಳನ್ನು ಜೋಡಿಸುವುದು ಒಂದು. ಲೋಹದ ಗಟ್ಟಿಯಿಂದ ತುಂಡನ್ನು ಕೆತ್ತಿ ತೆಗೆಯುವುದು ಇನ್ನೊಂದು. ಎರಡನೆಯದನ್ನು ಬಲ್ಲವರು ಶಾಲೆಯ ಗೋಡೆಯಾಚೆಯ ಬೀದಿಯಲ್ಲಿಯೇ ಇದ್ದಾರೆ.

ಕಿರಿಯರು ಆ ಹತ್ತು ದಿನಗಳಲ್ಲಿ ಅರ ಹಿಡಿಯುವುದನ್ನೂ ಅಳತೆ ಹಾಕುವುದನ್ನೂ ಕಲಿಯಲಿ. ಹೈಸ್ಕೂಲಿನವರು ಶನಿವಾರದ ಮಧ್ಯಾಹ್ನಗಳಲ್ಲಿ ಯಂತ್ರದ ಕೆಲಸವನ್ನು ಮುಂದುವರಿಸಲಿ. ಒಂದು ವೈಸು, ಒಂದು ಡ್ರಿಲ್ಲಿಂಗ್ ಯಂತ್ರ, ನಾಲ್ಕಾರು ಅರಗಳು, ಒಂದು ವರ್ನಿಯರು ಶಾಲೆಯಲ್ಲಿದ್ದರೆ ಸಾಕು. ಲೇತಿನ ಕೆಲಸಕ್ಕೆ ನೆರೆಯ ಶೆಡ್ಡಿನ ಮಾಲೀಕರು ಅರ್ಧ ದಿನದ ಅನುಮತಿ ನೀಡಬೇಕು. ನಿವೃತ್ತನಾದ ಟರ್ನರನೊಬ್ಬನನ್ನು ಕರೆದು, ಸಲ್ಲತಕ್ಕ ಸಂಭಾವನೆಯನ್ನೂ ಗೌರವವನ್ನೂ ಕೊಟ್ಟು, ಅವನನ್ನು ಮಕ್ಕಳು ‘ಮೇಷ್ಟ್ರೇ’ ಎಂದು ಕರೆಯುವಂತಾಗಬೇಕು. ಹೆಣ್ಣುಮಕ್ಕಳನ್ನು ಇದರಿಂದ ದೂರವಿಡುವುದು ಸರ್ವಥಾ ಸಲ್ಲದು.

ವಾರ್ಷಿಕೋತ್ಸವದ ದಿನ ಶಾಲೆಯ ತೊಟ್ಟಿಯಲ್ಲಿ ಆ ದೋಣಿಯನ್ನು ತೇಲಿಬಿಡುವಾಗ, ಪಾಲಕರ ಸಾಲಿನಲ್ಲಿ ಕುಳಿತ ಕಾರ್ಮಿಕನು ಅದರ ಸದ್ದನ್ನು ಕೇಳಿಯೇ ಬೇರಿಂಗಿಗೆ ಎಣ್ಣೆ ಸಾಲದೆಂದು ಹೇಳಬಲ್ಲನು. ಆ ಮಾತನ್ನು ಅವನ ಮಗಳೋ ಮಗನೋ ಸಹಪಾಠಿಗಳಿಗೆ ಹೆಮ್ಮೆಯಿಂದ ವಿವರಿಸುವ ದಿನ ಬರಲಿ. ನಾಗಸಂದ್ರದ ಶಾಲೆಗಳು ಬರುವ ಶೈಕ್ಷಣಿಕ ವರ್ಷದಿಂದಲೇ ಈ ಕಾರ್ಯಕ್ಕೆ ತೊಡಗುವುದು ಉಚಿತ. ಕಲಿಸಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.